ಅಜ್ಜಿ ಶುರು ಮಾಡಿದ ನಕಲು

ಲೆಕ್ಕ ಕೂಡುವುದೇ ಇಲ್ಲ. ನಮ್ಮೆಲ್ಲರ ಕರುಳಿನಲ್ಲೂ ಬಿಡಾರ ಹೂಡಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಹೊಟ್ಟೆ ತುಂಬ ಆಹಾರ ಕೊಟ್ಟು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಚ್ಚಗೆ ಇಟ್ಟರೆ 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಎರಡಾಗುವ ಮುನ್ನ ತನ್ನ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಸಿದ್ಧಮಾಡಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಬರಿಗೈ. ಆ ಡಿಎನ್‌ಎಯಲ್ಲಿ 46 ಲಕ್ಷ ಅಕ್ಷರಗಳಿವೆ. ನಕಲು ಮಾಡುವ ಯಂತ್ರಗಳು ಒಂದೇ ಜಾಗದಿಂದ ಹೊರಟು ಒಂದು ಎಡಕ್ಕೆ, ಒಂದು ಬಲಕ್ಕೆ ಸಾಗುತ್ತವೆ. ಒಂದೊಂದರ ವೇಗ ಸೆಕೆಂಡಿಗೆ ಸುಮಾರು ಸಾವಿರ ಅಕ್ಷರ. ತಲಾ 23 ಲಕ್ಷ ಎಂದರೆ 2,300 ಸೆಕೆಂಡು, ಅಂದರೆ 38 ನಿಮಿಷ. ನಕಲು ಮುಗಿದ ಮೇಲೆ ನಡುವೆ ಗೋಡೆ ಎದ್ದು ಇಬ್ಬರೂ ಬೇರೆಯಾಗಲು ಇನ್ನೂ 20 ನಿಮಿಷ. ಹತ್ತಿರಹತ್ತಿರ ಒಂದು ಗಂಟೆಯ ಕೆಲಸ. ಒಂದು ಗಂಟೆಯ ಕೆಲಸವನ್ನು 20 ನಿಮಿಷಕ್ಕೊಮ್ಮೆ ಮುಗಿಸುವುದು ಹೇಗೆ?

ಬ್ಯಾಕ್ಟೀರಿಯಾ ನಮ್ಮಲ್ಲಿ ಸುದ್ದಿಯಾಗುವುದು ಒಂದೋ ರೋಗದ ನೆಪದಲ್ಲಿ, ಇಲ್ಲವೇ ಮೊಸರಿನ ನೆಪದಲ್ಲಿ. ಅದು ದಿನವಿಡೀ ಮಾಡುವ ಅಸಲಿ ಕಸುಬಿನ ಬಗ್ಗೆ ಮಾತು ಕಡಿಮೆ. ತಿನ್ನುವುದು, ಬೆಳೆಯುವುದು, ಎರಡಾಗುವುದು, ಅಷ್ಟೇ ಅದರ ಕಸುಬು. ಅಷ್ಟೇನಾ ಎನ್ನಬೇಡಿ. ಎಲ್ಲೂ ಕೊರತೆಯಾಗದಂತೆ ಉಣಿಸುತ್ತ ಹೋದರೆ ಒಂದೇ ಒಂದು ಇ. ಕೋಲಿ 24 ಗಂಟೆಯಲ್ಲಿ 72 ಸಲ ಇಮ್ಮಡಿಸಿ, ಅದರ ಸಂತಾನದ ಒಟ್ಟು ತೂಕ 4,700 ಟನ್ ಮುಟ್ಟುತ್ತದೆ. (ಒಂದು ಕೋಶದ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು ಎಂದು ಹಿಡಿದು ಹಾಕಿದ ಲೆಕ್ಕ.) ಪುಣ್ಯಕ್ಕೆ ಅದಕ್ಕೆ ಬಹಳ ಮೊದಲೇ ಆಹಾರ ಮುಗಿದಿರುತ್ತದೆ. ನನಗೆ ಸೋಜಿಗವೆನಿಸುವುದು ಈ ಸಂಖ್ಯೆಗಿಂತ ಹೆಚ್ಚಾಗಿ, ಅಷ್ಟು ಗಡಿಬಿಡಿಯಲ್ಲೂ ಪ್ರತಿಯೊಂದು ಕೋಶ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹುಟ್ಟುವ ಸಂಗತಿ. ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ಕೈಯಲ್ಲಿ ಟೇಪಿಲ್ಲ, ಗೋಡೆಯ ಮೇಲೆ ಗಡಿಯಾರವಿಲ್ಲ. ಯಾವಾಗ ನಕಲು ಶುರು ಮಾಡಬೇಕು, ಯಾವಾಗ ತುಂಡಾಗಬೇಕು ಎಂದು ಅದಕ್ಕೆ ಹೇಳುವವರು ಯಾರು?

ಒಳಗಿನ ಇಕ್ಕಟ್ಟನ್ನೂ ನೋಡಿ. ಇ. ಕೋಲಿಯ ಉದ್ದ ಸುಮಾರು 2 ಮೈಕ್ರೊಮೀಟರ್. ಐನೂರನ್ನು ಸಾಲಾಗಿ ಮಲಗಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಒಂದೇ ಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರ್. 1963ರಲ್ಲಿ ಜಾನ್ ಕೇರ್ನ್ಸ್ ಎಂಬ ವಿಜ್ಞಾನಿ ಡಿಎನ್‌ಎ ಕಟ್ಟಲು ಬೇಕಾದ, ವಿಕಿರಣ ಸೂಸುವ ಥೈಮಿಡಿನ್ ತಿನ್ನಿಸಿ ಬೆಳೆಸಿದ ಕೋಶಗಳನ್ನು ಮೆಲ್ಲಗೆ ಒಡೆದು, ಹೊರಬಂದ ಎಳೆಯನ್ನು ಫೋಟೊ ಎಮಲ್ಷನ್ ಕೆಳಗೆ ವಾರಗಟ್ಟಲೆ ಇಟ್ಟು ಅದರ ಚಿತ್ರ ಪಡೆದರು. ತುದಿಮೊದಲಿಲ್ಲದ ಉಂಗುರ ಅದು. ನಕಲು ನಡೆಯುತ್ತಿದ್ದ ಕಡೆ ಎಳೆ ಕವಲೊಡೆದಿತ್ತು.

ಇಪ್ಪತ್ತು ಬಗೆಯ ಸಾರು

ಒಗಟಿನ ಮೊದಲ ಸುಳಿವು ಸಿಕ್ಕಿದ್ದು ಇದಕ್ಕೂ ಮುಂಚೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಅಲ್ಲಿನ ಸರ್ಕಾರಿ ಸೀರಮ್ ಸಂಸ್ಥೆಯಲ್ಲಿ ಓಲೆ ಮಾಲೊ ಎಂಬ ವೈದ್ಯ ಬ್ಯಾಕ್ಟೀರಿಯಾಗಳ ಬೆನ್ನು ಬಿದ್ದಿದ್ದರು. ಡಿಎನ್‌ಎಯ ಆಕಾರ ಕಂಡು ಹೆಸರಾದ ಜೇಮ್ಸ್ ವಾಟ್ಸನ್ ಅದಕ್ಕೂ ಮೊದಲು ಕೆಲಕಾಲ ಇವರ ಜೊತೆ ದುಡಿದಿದ್ದರು. 1950ರ ದಶಕದ ನಡುವಿಗೆ ಇಲ್ಲಿಗೆ ಮೊಸೆಲಿಯೊ ಶೆಕ್ಟರ್ ಎಂಬ ತರುಣ ಬಂದ. ಇಟಲಿಯ ಮಿಲಾನಿನಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಮನೆಯವರೊಂದಿಗೆ ಈಕ್ವೆಡಾರಿಗೆ ತಪ್ಪಿಸಿಕೊಂಡು ಹೋಗಿ, ಅಲ್ಲಿಂದ ಅಮೆರಿಕ ಸೇರಿದ್ದವನು. ಈ ಇಬ್ಬರೂ ನಿಲ್ಸ್ ಓಲೆ ಕೆಲ್ಗಾರ್ಡ್ ಜೊತೆ ಸೇರಿ 1958ರಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದರು.

ಅವರು ಮಾಡಿದ ಪ್ರಯೋಗ ಕೇಳಿದರೆ ಇಷ್ಟು ಸರಳವೇ ಅನ್ನಿಸುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಇಪ್ಪತ್ತರಷ್ಟು ಬಗೆಯ ಪೋಷಕ ಸಾರಿನಲ್ಲಿ ಬೆಳೆಸುವುದು. ಒಂದರಲ್ಲಿ ಮಾಂಸದ ರಸ, ಇನ್ನೊಂದರಲ್ಲಿ ಬರೀ ಗ್ಲೂಕೋಸು ಮತ್ತು ಲವಣ, ಮತ್ತೊಂದರಲ್ಲಿ ಒಂದೇ ಒಂದು ಅಮೈನೊ ಆಮ್ಲ. ಸಾರು ಬದಲಾದಂತೆ ಬೆಳೆಯುವ ವೇಗ ಬದಲಾಗುತ್ತದೆ. ಪ್ರತಿ ಪಾತ್ರೆಯಲ್ಲೂ ಕೋಶ ಎಷ್ಟು ದೊಡ್ಡದು, ಅದರಲ್ಲಿ ಡಿಎನ್‌ಎ ಎಷ್ಟು, ಆರ್‌ಎನ್‌ಎ ಎಷ್ಟು ಎಂದು ಅಳೆದರು. ಇಷ್ಟರಲ್ಲಿ ಒಂದೇ ಒಂದು ಷರತ್ತನ್ನು ಕಟ್ಟುನಿಟ್ಟಾಗಿ ಪಾಲಿಸಿದರು: ಬೆಳವಣಿಗೆ ಒಂದು ಹದಕ್ಕೆ ಬಂದು, ಕೋಶದೊಳಗಿನ ಎಲ್ಲವೂ ಒಂದೇ ವೇಗದಲ್ಲಿ ಇಮ್ಮಡಿಸುವ ತನಕ ಅಳತೆ ಮಾಡಕೂಡದು. ಇಂದಿಗೂ ಎಷ್ಟೋ ಪ್ರಯೋಗಾಲಯಗಳಲ್ಲಿ ಈ ತಾಳ್ಮೆ ಕಾಣುವುದಿಲ್ಲ.

ಬಂದ ಉತ್ತರ ಯಾರೂ ಎಣಿಸಿರಲಿಲ್ಲ. ಕೋಶ ಏನು ತಿಂದಿತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಎಷ್ಟು ವೇಗವಾಗಿ ಬೆಳೆಯಿತು ಎಂಬುದೊಂದೇ ಮುಖ್ಯ. ಬೇರೆಬೇರೆ ಸಾರಿನಲ್ಲಿ ಒಂದೇ ವೇಗದಲ್ಲಿ ಬೆಳೆದ ಕೋಶಗಳು ಒಂದೇ ಗಾತ್ರ. ವೇಗ ಹೆಚ್ಚಿದಂತೆ ಗಾತ್ರವೂ ಹೆಚ್ಚುತ್ತದೆ, ಅದೂ ಗುಣಾಕಾರದಲ್ಲಿ. ಎಂದರೆ ಬಿರುಸಾಗಿ ಇಮ್ಮಡಿಸುವ ಕೋಶ ಸಣ್ಣದಲ್ಲ, ದಪ್ಪ. ಇನ್ನೂ ವಿಚಿತ್ರವೆಂದರೆ, ಸಾರು ಬದಲಿಸದೆ ಬರೀ ಶಾಖ ತಗ್ಗಿಸಿ ಬೆಳವಣಿಗೆಯನ್ನು ನಿಧಾನ ಮಾಡಿದರೆ ಗಾತ್ರ ಹಾಗೇ ಇರುತ್ತದೆ. ಚಳಿಗೆ ಎಲ್ಲ ಕೆಲಸಗಳೂ ಒಟ್ಟಿಗೇ ನಿಧಾನವಾಗುವುದರಿಂದ ಅವುಗಳ ನಡುವಿನ ಅನುಪಾತ ಕೆಡುವುದಿಲ್ಲ.

ದಪ್ಪವಾಗಿ ಅದಕ್ಕೇನು ಲಾಭ? ಹೆಚ್ಚಿದ ಭಾರದಲ್ಲಿ ದೊಡ್ಡ ಪಾಲು ರೈಬೊಸೋಮುಗಳದು, ಅಂದರೆ ಪ್ರೊಟೀನು ತಯಾರಿಸುವ ಯಂತ್ರಗಳದು. ನೂರು ನಿಮಿಷಕ್ಕೊಮ್ಮೆ ಇಮ್ಮಡಿಸುವ ಇ. ಕೋಲಿಯಲ್ಲಿ ಸುಮಾರು ಏಳು ಸಾವಿರ ರೈಬೊಸೋಮುಗಳಿದ್ದರೆ, ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಇಮ್ಮಡಿಸುವುದರಲ್ಲಿ ಎಪ್ಪತ್ತು ಸಾವಿರದ ಆಸುಪಾಸು. ಬೇಗ ಬೆಳೆಯಬೇಕಾದರೆ ಯಂತ್ರ ಹೆಚ್ಚು ಬೇಕು, ಆ ಯಂತ್ರಗಳೂ ಪ್ರೊಟೀನು ಮತ್ತು ಆರ್‌ಎನ್‌ಎಯಿಂದಲೇ ಆಗಬೇಕು.

ಎರಡನೆಯ ಪ್ರಬಂಧದಲ್ಲಿ ಅವರು ಬಡ ಸಾರಿನಲ್ಲಿದ್ದ ಕೋಶಗಳನ್ನು ಏಕಾಏಕಿ ಸಮೃದ್ಧ ಸಾರಿಗೆ ವರ್ಗ ಮಾಡಿದರು. ಆರ್‌ಎನ್‌ಎ ತಯಾರಿ ಕೂಡಲೇ ಚುರುಕಾಯಿತು. ಭಾರ ಏರತೊಡಗಿತು, ಸ್ವಲ್ಪ ಹೊತ್ತಿಗೆ ಡಿಎನ್‌ಎಯೂ ಹಿಂಬಾಲಿಸಿತು. ಆದರೆ ಕೋಶಗಳು ತುಂಡಾಗುವ ವೇಗ ಮಾತ್ರ ಒಂದು ಗಂಟೆ ಕಳೆದರೂ ಹಳೆಯ ಲಯದಲ್ಲೇ ಇತ್ತು. ಆಮೇಲೆ ಒಮ್ಮೆಲೇ ಹೊಸ ವೇಗಕ್ಕೆ ಜಿಗಿಯಿತು. ಒಂದು ಗಂಟೆ ಏತಕ್ಕೆ? ಅಂದು ಯಾರ ಬಳಿಯೂ ಉತ್ತರವಿರಲಿಲ್ಲ. ಇಂದು ನೋಡಿದರೆ ಇಡೀ ಕಥೆ ಆ ಒಂದು ಗಂಟೆಯಲ್ಲೇ ಅಡಗಿತ್ತು.

ತಲೆಕೆಳಗಾದ ತೊಟ್ಟಿಲು

ಮುಂದಿನ ಹೆಜ್ಜೆಗೆ ಬೇಕಾಗಿದ್ದದ್ದು ಒಂದೇ ವಯಸ್ಸಿನ ಕೋಶಗಳು. ಪಾತ್ರೆಯಲ್ಲಿರುವ ಕೋಟ್ಯಂತರ ಕೋಶಗಳಲ್ಲಿ ಈಗಷ್ಟೇ ಹುಟ್ಟಿದ್ದು ಯಾವುದು, ಇನ್ನೇನು ತುಂಡಾಗಲಿರುವುದು ಯಾವುದು ಎಂದು ಆರಿಸುವುದು ಹೇಗೆ? ಅಮೆರಿಕದ ಚಾರ್ಲ್ಸ್ ಹೆಲ್ಮ್‌ಸ್ಟೆಟರ್ 1960ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದರು. ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತೆಳು ಪೊರೆಯ ಫಿಲ್ಟರಿನ ಮೂಲಕ ಸೋಸಿದರೆ ಕೋಶಗಳು ಪೊರೆಗೆ ಅಂಟಿಕೊಳ್ಳುತ್ತವೆ. ಪೊರೆಯನ್ನು ತಲೆಕೆಳಗು ಮಾಡಿ, ಮೇಲಿನಿಂದ ಬೆಚ್ಚಗಿನ ಸಾರನ್ನು ಸಣ್ಣಗೆ ಹರಿಸುವುದು. ಅಂಟಿಕೊಂಡ ತಾಯಿ ತುಂಡಾದಾಗ ಒಬ್ಬ ಮಗಳು ಪೊರೆಗೆ ಕಚ್ಚಿಕೊಂಡೇ ಇರುತ್ತಾಳೆ, ಇನ್ನೊಬ್ಬಳು ಕಳಚಿ ಕೆಳಗಿನ ಕೊಳವೆಗೆ ಬೀಳುತ್ತಾಳೆ. ಬೀಳುವವರೆಲ್ಲ ಅದೇ ತಾನೆ ಹುಟ್ಟಿದವರು. ಸಲಕರಣೆಗೆ ಬಿದ್ದ ಹೆಸರು ‘ಬೇಬಿ ಮಷೀನ್’.

ಎಲ್ಲ ಇ. ಕೋಲಿಗಳೂ ಪೊರೆಗೆ ಹೀಗೆ ಕಚ್ಚಿಕೊಳ್ಳುವುದಿಲ್ಲ. ಚೆನ್ನಾಗಿ ಅಂಟಿದ್ದು ಬಿ/ಆರ್ ಎಂಬ ತಳಿ. ಇದರ ಹುಟ್ಟಿನ ಕಥೆ ಬೇರೆ. 1944ರ ಬೇಸಿಗೆಯಲ್ಲಿ ಎವಲಿನ್ ವಿಟ್ಕಿನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಬಿ ಎಂಬ ತಳಿಯ ಮೇಲೆ ಅತಿನೇರಳೆ ಕಿರಣ ಹಾಯಿಸಿದ್ದರು. ಹೆಚ್ಚುಕಡಿಮೆ ಎಲ್ಲವೂ ಸತ್ತು, ಬೆರಳೆಣಿಕೆಯಷ್ಟು ಉಳಿದವು. ಹಾಗೆ ಉಳಿದದ್ದರ ಸಂತತಿಯೇ ಬಿ/ಆರ್. ಈ ತಳಿ ಮುಂದೆ ಮತ್ತೊಮ್ಮೆ ಬರುತ್ತದೆ, ನೆನಪಿರಲಿ.

ಬಫಲೊ ನಗರದಲ್ಲಿ ಹೆಲ್ಮ್‌ಸ್ಟೆಟರ್ ಜೊತೆ ಸ್ಟೀಫನ್ ಕೂಪರ್ ಸೇರಿಕೊಂಡರು. ಅಂಟಿಸುವ ಮುನ್ನ ಕೋಶಗಳಿಗೆ ಕೆಲ ನಿಮಿಷ ವಿಕಿರಣ ಸೂಸುವ ಥೈಮಿಡಿನ್ ತಿನ್ನಿಸಿದರು. ಆ ಗಳಿಗೆಯಲ್ಲಿ ಯಾರು ಎಷ್ಟು ಡಿಎನ್‌ಎ ನೇಯುತ್ತಿದ್ದರೋ ಅಷ್ಟು ಗುರುತು ಅವರ ಮೈಯಲ್ಲಿ ಉಳಿಯುತ್ತದೆ. ಆಮೇಲೆ ಪೊರೆಯಿಂದ ಉದುರುವ ಮರಿಗಳನ್ನು ನಿಮಿಷ ನಿಮಿಷಕ್ಕೆ ಹಿಡಿದು ಗುರುತು ಎಣಿಸುವುದು. ಮೊದಲು ಉದುರಿದ್ದು ಗುರುತು ಹಾಕುವಾಗ ತುಂಡಾಗುವ ಅಂಚಿನಲ್ಲಿದ್ದ ತಾಯಿಯ ಮಗಳು, ಕೊನೆಗೆ ಉದುರಿದ್ದು ಆಗಷ್ಟೇ ಹುಟ್ಟಿದ್ದ ತಾಯಿಯ ಮಗಳು. ಮಗಳನ್ನು ನೋಡಿ ತಾಯಿಯ ಹಳೆಯ ದಿನಚರಿ ಓದುವ ಉಪಾಯ ಇದು. ಯಂತ್ರದಲ್ಲಿ ಒಂದು ಪೊರೆ, ಒಂದು ಪಂಪು, ಕೆಲವು ಕೊಳವೆಗಳು, ಅಷ್ಟೇ. ಈ ಕ್ಷೇತ್ರದಲ್ಲಿ ಇದಕ್ಕಿಂತ ಚಂದದ ಪ್ರಯೋಗವನ್ನು ನಾನು ಓದಿಲ್ಲ.

1968ರಲ್ಲಿ ಉತ್ತರ ಪ್ರಕಟವಾಯಿತು. ನಕಲು ಮಾಡಲು ಸುಮಾರು 40 ನಿಮಿಷ, ನಕಲು ಮುಗಿದು ತುಂಡಾಗಲು ಸುಮಾರು 20 ನಿಮಿಷ. ಕೋಶ 20 ನಿಮಿಷಕ್ಕೊಮ್ಮೆ ಇಮ್ಮಡಿಸಲಿ, 60 ನಿಮಿಷಕ್ಕೊಮ್ಮೆ ಇಮ್ಮಡಿಸಲಿ, ಈ ಎರಡು ಅವಧಿಗಳು ಬದಲಾಗುವುದಿಲ್ಲ. ಹಾಗಾದರೆ ಅವಸರದ ಕೋಶ ಏನು ಮಾಡುತ್ತದೆ? ಒಂದು ನಕಲು ಮುಗಿಯುವ ಮೊದಲೇ ಇನ್ನೊಂದನ್ನು ಶುರು ಮಾಡುತ್ತದೆ, ಅದೂ ಮುಗಿಯುವ ಮೊದಲು ಮತ್ತೊಂದನ್ನು. 20 ನಿಮಿಷಕ್ಕೆ ಇಮ್ಮಡಿಸುವ ಕೋಶದ ಲೆಕ್ಕವನ್ನು ಹಿಂದಕ್ಕೆ ಎಣಿಸಿ ನೋಡಿ. ಈಗ ತುಂಡಾಗುತ್ತಿರುವ ಕೋಶ ಹುಟ್ಟಿದ್ದು 20 ನಿಮಿಷದ ಹಿಂದೆ, ಅದರ ತಾಯಿ 40 ನಿಮಿಷದ ಹಿಂದೆ, ಅಜ್ಜಿ 60 ನಿಮಿಷದ ಹಿಂದೆ. ಈಗ ಇಬ್ಭಾಗವಾಗುತ್ತಿರುವ ಡಿಎನ್‌ಎಯ ನಕಲು ಶುರುವಾದದ್ದೂ 60 ನಿಮಿಷದ ಹಿಂದೆಯೇ. ಅಂದರೆ ಮೊಮ್ಮಗಳ ಮದುವೆಗೆಂದು ಅಜ್ಜಿ ತೊಟ್ಟಿಲಲ್ಲಿದ್ದಾಗಲೇ ಚೀಟಿ ಕಟ್ಟಲು ಶುರು ಮಾಡಿದ ಹಾಗಾಯಿತು.

ಇಂಥ ಕೋಶದಲ್ಲಿ ನಕಲು ಶುರುವಾಗುವ ಜಾಗ ಹುಟ್ಟುವಾಗಲೇ ನಾಲ್ಕು ಕಡೆ ಇರುತ್ತದೆ, ಹುಟ್ಟಿದ ಕೂಡಲೇ ಎಂಟಾಗುತ್ತದೆ. ಆ ಜಾಗಕ್ಕೆ ಹತ್ತಿರವಿರುವ ಜೀನುಗಳ ಪ್ರತಿಗಳು ದೂರದ ಜೀನುಗಳಿಗಿಂತ ಸಹಜವಾಗಿಯೇ ಹೆಚ್ಚು. ರೈಬೊಸೋಮಿಗೆ ಬೇಕಾದ ಆರ್‌ಎನ್‌ಎಯ ಜೀನುಗಳಲ್ಲಿ ಹೆಚ್ಚಿನವು ಇದೇ ನೆರೆಹೊರೆಯಲ್ಲಿವೆ. ಯಂತ್ರ ಹೆಚ್ಚು ಬೇಕಾದ ಹೊತ್ತಿಗೆ ಅದರ ನಕ್ಷೆಯೂ ಹೆಚ್ಚು ಪ್ರತಿಗಳಲ್ಲಿ ಸಿದ್ಧವಿರುತ್ತದೆ.

ಕೋಪನ್‌ಹೇಗನ್‌ನ ಆ ಒಂದು ಗಂಟೆಯೂ ಈಗ ಬಿಡಿಸಿಕೊಂಡಿತು. ಸಮೃದ್ಧ ಸಾರಿಗೆ ಬಂದ ಮೇಲೆ ಹೊಸ ಲಯದಲ್ಲಿ ಶುರುವಾದ ನಕಲುಗಳು ತುಂಡಾಗುವ ಹಂತ ಮುಟ್ಟಲು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಹಳೆಯ ಸಾರಿನಲ್ಲಿದ್ದಾಗ ಶುರುವಾದ ನಕಲುಗಳೇ ಒಂದೊಂದಾಗಿ ಮುಗಿಯುತ್ತಿರುತ್ತವೆ.

ಅದೇ 1968ರಲ್ಲಿ ವಿಲಿಯಂ ಡೊನಾಚಿ ಎರಡೂ ಕಡೆಯ ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಹೊಸ ಪ್ರಯೋಗ ಬೇಕಾಗಲೇ ಇಲ್ಲ. ಗಾತ್ರ ಗುಣಾಕಾರದಲ್ಲಿ ಏರುತ್ತದೆ, ನಕಲಿನಿಂದ ತುಂಡಾಗುವವರೆಗಿನ ಅವಧಿ ಒಂದೇ ಗಂಟೆ. ಇವೆರಡೂ ನಿಜವಾದರೆ, ನಕಲು ಶುರುವಾಗುವ ಗಳಿಗೆಯಲ್ಲಿ ಪ್ರತಿ ಆರಂಭದ ಜಾಗಕ್ಕೆ ಸೇರಿದ ಕೋಶದ ಭಾರ ಯಾವಾಗಲೂ ಒಂದೇ ಇರಬೇಕು. ವೇಗ ಏನೇ ಇರಲಿ, ಆ ಭಾರ ತುಂಬಿದಾಗಲೇ ನಕಲಿಗೆ ಮುಹೂರ್ತ. ಆ ಭಾರವನ್ನು ಒಂದು ಪಾಲು ಎನ್ನಿ. ಮುಹೂರ್ತವಾಗಿ ಒಂದು ಗಂಟೆಗೆ ಕೋಶ ತುಂಡಾಗುತ್ತದೆ. ಆ ಗಂಟೆಯಲ್ಲಿ 60 ನಿಮಿಷಕ್ಕೆ ಇಮ್ಮಡಿಸುವ ಕೋಶ ಒಂದು ಸಲ ಇಮ್ಮಡಿಸಿ ಎರಡು ಪಾಲಾಗುತ್ತದೆ, 30 ನಿಮಿಷದ್ದು ನಾಲ್ಕು, 20 ನಿಮಿಷದ್ದು ಎಂಟು. ಶೆಕ್ಟರ್ ಹತ್ತು ವರ್ಷ ಮೊದಲು ಅಳೆದ ದಪ್ಪ ಕೋಶಗಳ ಗುಟ್ಟು ಇಷ್ಟೇ.

ತೂಗುವವರು ಯಾರು?

ಭಾರ ತುಂಬಿತೆಂದು ಕೋಶಕ್ಕೆ ತಿಳಿಯುವುದು ಹೇಗೆ ಎಂಬುದಕ್ಕೆ ಅರ್ಧ ಉತ್ತರ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಿಂದ ಬಂತು. ಯುಕಿನೊರಿ ಹಿರೋಟ, ಆಂಟೊನೆಟ್ ರೀಟರ್, ಫ್ರಾಂಸ್ವಾ ಜೇಕಬ್ ಅಲ್ಲಿ ಶಾಖ ಏರಿಸಿದರೆ ಕೆಲಸ ನಿಲ್ಲಿಸುವ ಇ. ಕೋಲಿಗಳನ್ನು ಆರಿಸಿದರು. ಕೆಲವು 42 ಡಿಗ್ರಿಯಲ್ಲಿ ಹೊಸ ನಕಲು ಶುರು ಮಾಡುವುದಿಲ್ಲ, ಶುರುವಾದದ್ದನ್ನು ಮುಗಿಸುತ್ತವೆ. ಕೆಲವು ನಕಲನ್ನೂ ಮಾಡುತ್ತವೆ, ಬೆಳೆಯುತ್ತಲೂ ಹೋಗುತ್ತವೆ, ತುಂಡಾಗುವುದನ್ನು ಮಾತ್ರ ಮರೆತು ಉದ್ದುದ್ದ ಎಳೆಗಳಾಗುತ್ತವೆ. ಮೊದಲ ಗುಂಪಿನಲ್ಲಿ ಕೆಟ್ಟಿದ್ದ ಪ್ರೊಟೀನು ಡಿಎನ್‌ಎಎ ಎಂದು ಹೆಸರಾಯಿತು. ಎರಡನೆಯ ಗುಂಪು ಎಫ್‌ಟಿಎಸ್‌ಝಡ್ ಎಂಬ ಪ್ರೊಟೀನಿನತ್ತ ಕರೆದೊಯ್ದಿತು.

ಡಿಎನ್‌ಎಎ ಕೆಲಸ ಬಾಗಿಲು ತೆರೆಯುವುದು. ನಕಲು ಶುರುವಾಗುವ ಜಾಗ ಸುಮಾರು 245 ಅಕ್ಷರಗಳ ಒಂದು ತುಣುಕು. ಕೋಶದ ಇಂಧನವಾದ ಎಟಿಪಿ ಹೊತ್ತ ಡಿಎನ್‌ಎಎ ಅಲ್ಲಿ ಒಂದರ ಪಕ್ಕ ಒಂದು ಬಂದು ಕೂತು ಎಳೆಗಳನ್ನು ಬಿಡಿಸುತ್ತದೆ. ಬಾಗಿಲು ತೆರೆದ ಮೇಲಿನ ಶಿಸ್ತು ಇನ್ನೂ ಸೊಗಸು. ಹಳೆಯ ಎಳೆಯ ಮೇಲೆ ಕೆಲವು ಗೊತ್ತಾದ ಕಡೆ ಮೀಥೈಲ್ ಗುರುತಿರುತ್ತದೆ, ಹೊಸದಾಗಿ ನೇಯ್ದ ಎಳೆಗೆ ಆ ಗುರುತು ಬೀಳಲು ಸ್ವಲ್ಪ ಹೊತ್ತು ಬೇಕು. ಒಂದೆಳೆಗೆ ಮಾತ್ರ ಗುರುತಿರುವ ಇಂಥ ಡಿಎನ್‌ಎ ಕಂಡರೆ ಸೆಕ್‌ಎ ಎಂಬ ಪ್ರೊಟೀನು ಬಂದು ಅಪ್ಪಿಕೊಂಡು ಬಿಡುತ್ತದೆ. ಬಿರುಸಾಗಿ ಬೆಳೆಯುವ ಕೋಶದಲ್ಲೂ ಹತ್ತು ನಿಮಿಷದಷ್ಟು ಹೊತ್ತು ಆ ಬಾಗಿಲಿಗೆ ಬೀಗ. ಅಷ್ಟರಲ್ಲಿ ಸಾಗುತ್ತಿರುವ ನಕಲು ಯಂತ್ರದ ಜೊತೆಗಿರುವ ಇನ್ನೊಂದು ಪ್ರೊಟೀನು ಡಿಎನ್‌ಎಎ ಹೊತ್ತ ಎಟಿಪಿಯನ್ನು ಒಡೆದು ಅದರ ಬಲ ಇಳಿಸುತ್ತದೆ. ಒಂದೇ ಬಾಗಿಲನ್ನು ಎರಡು ಸಲ ತೆರೆಯುವ ಅನಾಹುತ ಹೀಗೆ ತಪ್ಪುತ್ತದೆ.

ಎಫ್‌ಟಿಎಸ್‌ಝಡ್‌ದು ತುಂಡು ಮಾಡುವ ಕೆಲಸ. 1991ರಲ್ಲಿ ಎರ್ಫೆಯ್ ಬಿ ಮತ್ತು ಜೋ ಲುಟ್ಕನ್‌ಹಾಸ್ ಅದು ಕೋಶದ ನಟ್ಟನಡುವೆ ಉಂಗುರವಾಗಿ ನಿಲ್ಲುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ನಮ್ಮ ಕೋಶಗಳಲ್ಲಿರುವ ಟ್ಯುಬ್ಯುಲಿನ್‌ಗೆ ಅದು ದೂರದ ಬಂಧು. ನಡು ಎಲ್ಲಿದೆ ಎಂದು ಗೊತ್ತಾಗುವ ಬಗೆ ಮಾತ್ರ ಯಾರನ್ನೂ ಬೆರಗಾಗಿಸುತ್ತದೆ. ಮಿನ್‌ಡಿ ಮತ್ತು ಮಿನ್‌ಇ ಎಂಬ ಎರಡು ಪ್ರೊಟೀನುಗಳು ಕೋಶದ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ, ಒಂದು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಓಡಾಡುತ್ತಲೇ ಇರುತ್ತವೆ. ಜೊತೆಗೆ ಸಾಗುವ ಮಿನ್‌ಸಿ ಹೋದಲ್ಲೆಲ್ಲ ಉಂಗುರ ಕಟ್ಟಲು ಬಿಡುವುದಿಲ್ಲ. ಎರಡೂ ತುದಿಗಳಲ್ಲಿ ಅವು ತಂಗುವುದು ಹೆಚ್ಚು, ನಡುವಿನಲ್ಲಿ ಕಡಿಮೆ. ಉಂಗುರಕ್ಕೆ ಉಳಿಯುವ ಜಾಗ ನಡುವೊಂದೇ. 2008ರಲ್ಲಿ ಜರ್ಮನಿಯ ಪೆಟ್ರಾ ಶ್ವಿಲ್ಲೆ ಅವರ ತಂಡ ಈ ಎರಡು ಪ್ರೊಟೀನುಗಳನ್ನು ಎಟಿಪಿಯೊಂದಿಗೆ ಗಾಜಿನ ಮೇಲಿನ ಕೊಬ್ಬಿನ ಪೊರೆಗೆ ಬಿಟ್ಟಾಗ ಕೋಶವೇ ಇಲ್ಲದೆ ಅಲೆಗಳು ಎದ್ದವು.

ಡಿಎನ್‌ಎಗೆ ಪೆಟ್ಟು ಬಿದ್ದಾಗ ಏನು? ಕೋಶ ಎಚ್ಚರಿಕೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಅವುಗಳಲ್ಲೊಂದಾದ ಸುಲ್‌ಎ, ರಿಪೇರಿ ಮುಗಿಯುವ ತನಕ ಉಂಗುರ ಕಟ್ಟದಂತೆ ಎಫ್‌ಟಿಎಸ್‌ಝಡ್ ಕೈ ಹಿಡಿಯುತ್ತದೆ. ವಿಟ್ಕಿನ್ ಕಿರಣ ಹಾಯಿಸಿದ ಬಿ ತಳಿಯಲ್ಲಿ ಹೀಗೆ ಹಿಡಿದ ಕೈ ಬಿಡಿಸುವ ವ್ಯವಸ್ಥೆ ಕೆಟ್ಟಿತ್ತು, ಕೋಶಗಳು ಉದ್ದಕ್ಕೆ ಬೆಳೆದು ಸತ್ತವು. ಬದುಕುಳಿದ ಬಿ/ಆರ್‌ನಲ್ಲಿ ಸುಲ್‌ಎ ಜೀನೇ ಹಾಳಾಗಿತ್ತು. ಮೂತ್ರಕೋಶದ ಸೋಂಕಿನಲ್ಲಿ ಇ. ಕೋಲಿ ಹೀಗೆಯೇ ಉದ್ದಕ್ಕೆ ಬೆಳೆದು ನಮ್ಮ ರಕ್ಷಕ ಕೋಶಗಳ ಬಾಯಿಗೆ ಸಿಗದೆ ನುಣುಚಿಕೊಳ್ಳುವುದುಂಟು. ವೈದ್ಯರು ಬರೆದುಕೊಡುವ ಸೆಫಲೆಕ್ಸಿನ್ ಮುಖ್ಯವಾಗಿ ಹೊಡೆಯುವುದು ನಡುಗೋಡೆ ಕಟ್ಟುವ ಪ್ರೊಟೀನನ್ನು. ಸಿಪ್ರೊಫ್ಲಾಕ್ಸಸಿನ್ ಹೊಡೆಯುವುದು ನಕಲಿನ ಮುಂದೆ ಡಿಎನ್‌ಎಯ ಸಿಕ್ಕು ಬಿಡಿಸುವ ಗೈರೇಸನ್ನು. ಔಷಧ ಅಂಗಡಿಯ ಈ ಎರಡು ಮಾತ್ರೆಗಳು ಈ ಲೇಖನದ ಎರಡು ಅಧ್ಯಾಯಗಳಿದ್ದಂತೆ.

ಇಷ್ಟೆಲ್ಲ ಭಾಗಗಳ ಹೆಸರು ಗೊತ್ತಾದ ಮೇಲೂ ಮೂಲ ಪ್ರಶ್ನೆ ಹಾಗೇ ಇತ್ತು. ಕೋಶಗಳು ಪ್ರತಿ ಸಲವೂ ನಿಖರವಾಗಿ ನಡುವಿಗೇ ತುಂಡಾಗುವುದಿಲ್ಲ, ಬೆಳೆಯುವ ವೇಗವೂ ತುಸು ಆಚೀಚೆ. ಒಬ್ಬಳು ದಪ್ಪಗೆ ಹುಟ್ಟಿದರೆ ಅವಳ ವಂಶವೆಲ್ಲ ದಪ್ಪವಾಗುತ್ತಲೇ ಹೋಗಬೇಕಲ್ಲ? ಹಾಗೆ ಆಗುವುದಿಲ್ಲ. ಇಂತಿಷ್ಟು ನಿಮಿಷಕ್ಕೆ ತುಂಡಾಗು ಎಂಬ ನಿಯಮವಿದ್ದರೆ ಖಂಡಿತ ಆಗುತ್ತಿತ್ತು. ಇಂತಿಷ್ಟು ಉದ್ದವಾದಾಗ ತುಂಡಾಗು ಎಂಬ ನಿಯಮವಿರಬೇಕು ಎಂದು ಬಹುಪಾಲು ಮಂದಿ ನಂಬಿದ್ದರು.

ತೀರ್ಮಾನಕ್ಕೆ ಬರಲು ಒಂದೊಂದು ಕೋಶವನ್ನೂ ತಲೆಮಾರುಗಟ್ಟಲೆ ನೋಡಬೇಕಿತ್ತು. 2010ರಲ್ಲಿ, ಆಗ ಹಾರ್ವರ್ಡ್‌ನಲ್ಲಿದ್ದ ಸಕ್‌ಜೂನ್ ಜುನ್ ಅವರ ತಂಡ ಸಿಲಿಕೋನ್ ರಬ್ಬರಿನಲ್ಲಿ ಒಂದು ತುದಿ ಮುಚ್ಚಿದ ಸಾವಿರಾರು ಓಣಿಗಳನ್ನು ಕೊರೆಯಿತು. ಅಗಲ ಒಂದು ಮೈಕ್ರೊಮೀಟರಿಗಿಂತ ತುಸು ಹೆಚ್ಚು, ಒಂದು ಬ್ಯಾಕ್ಟೀರಿಯಾ ನುಗ್ಗಿ ಮಲಗುವಷ್ಟು. ಓಣಿಯ ಕೊನೆಯಲ್ಲಿ ತಾಯಿ. ಅವಳು ತುಂಡಾದಂತೆಲ್ಲ ಮಕ್ಕಳು ಬಾಯಿಯತ್ತ ಸರಿಯುತ್ತಾರೆ, ಅಲ್ಲಿ ಹರಿಯುವ ಸಾರು ಅವರನ್ನು ಕೊಚ್ಚಿಕೊಂಡು ಹೋಗುತ್ತದೆ. ತಾಯಿ ಅಲ್ಲೇ ಉಳಿಯುತ್ತಾಳೆ. ಹೀಗೆ ಇನ್ನೂರರಷ್ಟು ತಲೆಮಾರು ಒಂದೇ ಕೋಶದ ಮೇಲೆ ಕ್ಯಾಮೆರಾ ನೆಟ್ಟರು. ಇದಕ್ಕೆ ‘ಮದರ್ ಮಷೀನ್’ ಎಂದು ಹೆಸರು. ಅರ್ಧ ಶತಮಾನ ಹಿಂದಿನ ಬೇಬಿ ಮಷೀನಿಗೆ ಸಲ್ಲಿಸಿದ ಗೌರವವೂ ಹೌದು.

2014–15ರಲ್ಲಿ ಹಾರ್ವರ್ಡ್‌ನ ಏರಿಯಲ್ ಅಮೀರ್ ಗಣಿತದಿಂದ, ಯೇಲ್‌ನ ಕ್ರಿಸ್ಟೀನ್ ಜೇಕಬ್ಸ್-ವ್ಯಾಗ್ನರ್ ತಂಡ ಮತ್ತು ಸ್ಯಾನ್ ಡಿಯೇಗೊಗೆ ಹೋಗಿದ್ದ ಜುನ್ ತಂಡ ಅಳತೆಯಿಂದ ಒಂದೇ ಕಡೆಗೆ ಬಂದು ನಿಂತರು. ಕೋಶ ನೋಡುವುದು ಗಡಿಯಾರವನ್ನೂ ಅಲ್ಲ, ತನ್ನ ಒಟ್ಟು ಉದ್ದವನ್ನೂ ಅಲ್ಲ. ಹುಟ್ಟಿದಾಗ ಎಷ್ಟೇ ಇರಲಿ, ಅದರ ಮೇಲೆ ಗೊತ್ತಾದಷ್ಟು ಕೂಡಿಸಿ ತುಂಡಾಗುತ್ತದೆ. ಆ ಕೂಡಿಸುವ ಮೊತ್ತ 2 ಎಂದಿಟ್ಟುಕೊಳ್ಳಿ. 3 ಉದ್ದದಲ್ಲಿ ಹುಟ್ಟಿದ ದಪ್ಪಗಿನವಳು 5 ಆಗಿ ತುಂಡಾಗುತ್ತಾಳೆ, ಮಗಳು 2.5. ಆ ಮಗಳು 4.5 ಆಗಿ ತುಂಡಾದರೆ ಮೊಮ್ಮಗಳು 2.25. ಮುಂದಿನವಳು 2.125. ಇತ್ತ 1 ಉದ್ದದ ಬಡಕಲು ಕೂಸು 3 ಆಗಿ ತುಂಡಾದರೆ ಮಗಳು 1.5, ಅವಳ ಮಗಳು 1.75. ಪ್ರತಿ ತಲೆಮಾರಿಗೂ ವ್ಯತ್ಯಾಸ ಅರ್ಧಕ್ಕರ್ಧ ಇಳಿದು ಎಲ್ಲರೂ 2ರ ಹತ್ತಿರ ಬರುತ್ತಾರೆ. ಯಾರೂ ಯಾರನ್ನೂ ತಿದ್ದುವುದಿಲ್ಲ, ತನ್ನ ಗಾತ್ರ ಎಷ್ಟೆಂದು ಕೋಶಕ್ಕೆ ತಿಳಿಯಬೇಕಾದ್ದೂ ಇಲ್ಲ. ಒಂದನೆಯ ತರಗತಿಯ ಸಂಕಲನ ಮತ್ತು ಭಾಗಾಕಾರದಲ್ಲಿ ಮುಗಿಯುವ ವ್ಯವಹಾರ. ಆಮೇಲೆ ಹುಡುಕಿದಾಗ ಬೇರೆ ಬ್ಯಾಕ್ಟೀರಿಯಾಗಳಲ್ಲೂ, ಉಪ್ಪಿನ ನೀರಿನಲ್ಲಿ ಬದುಕುವ ಆರ್ಕಿಯಾ ಜೀವಿಯೊಂದರಲ್ಲೂ ಇದೇ ನಿಯಮ ಕಂಡಿತು.

ಕೂಡಿಸಿದ್ದು ಎಷ್ಟಾಯಿತೆಂದು ಗೊತ್ತಾಗುವುದು ಹೇಗೆ ಎಂಬಲ್ಲಿ ಜಗಳವಿದೆ. 2019ರಲ್ಲಿ ಜುನ್ ತಂಡ ಹೇಳಿದ್ದು ಹೀಗೆ: ಕೋಶ ಬೆಳೆದಂತೆ ಅದೇ ಅನುಪಾತದಲ್ಲಿ ಎಫ್‌ಟಿಎಸ್‌ಝಡ್ ಕೂಡ ತಯಾರಾಗುತ್ತದೆ, ಉಂಗುರ ಕಟ್ಟಲು ಬೇಕಾದಷ್ಟು ಸೇರಿದಾಗ ಕೋಶ ತುಂಡಾಗುತ್ತದೆ. ನಕಲು ಮತ್ತು ತುಂಡಾಗುವಿಕೆ ಬೇರೆಬೇರೆ ಖಾತೆ, ಡಿಎನ್‌ಎಎ ತನ್ನ ಲೆಕ್ಕ ತಾನಿಟ್ಟುಕೊಳ್ಳುತ್ತದೆ. ಎಫ್‌ಟಿಎಸ್‌ಝಡ್ ತಯಾರಿಯ ವೇಗವನ್ನು ಹೊರಗಿನಿಂದ ಏರಿಳಿಸಿದಾಗ ಕೂಡಿಸುವ ನಿಯಮ ಮುರಿದುಬಿದ್ದದ್ದನ್ನು ಅವರು ತೋರಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಎರಿಕ್ ಫಾನ್ ನಿಮ್‌ವೆಗೆನ್ ತಂಡ ಇದಕ್ಕೆ ಎದುರಾಗಿ, ನಕಲಿನ ಆರಂಭವೇ ಯಜಮಾನ, ಮುಂದಿನ ನಕಲಿಗೂ ತುಂಡಾಗುವುದಕ್ಕೂ ಎಣಿಕೆ ಅಲ್ಲಿಂದಲೇ ಶುರು ಎಂದು ವಾದಿಸಿತು. ಮೂರನೆಯ ಪಂಗಡವೂ ಇದೆ: ಎರಡೂ ಕೆಲಸ ಜೊತೆಜೊತೆಗೆ ನಡೆಯುತ್ತವೆ, ಯಾವುದು ಹಿಂದೆ ಬಿದ್ದಿತೋ ಅದು ಆ ತಲೆಮಾರಿನ ವೇಳೆ ನಿರ್ಧರಿಸುತ್ತದೆ. ನನ್ನ ಒಲವು ಈ ಮೂರನೆಯವರ ಕಡೆಗೆ. ಒಂದೇ ಯಜಮಾನನನ್ನು ಹುಡುಕುವುದು ನಮ್ಮ ಚಟವೇ ಹೊರತು ಬ್ಯಾಕ್ಟೀರಿಯಾದ ಅಗತ್ಯವಲ್ಲ.

ನಿಯಮ ಮೀರಿದವುಗಳೂ ಇವೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ಕಾಡಿನಲ್ಲಿ ಸಿಕ್ಕು 2022ರಲ್ಲಿ ಜಗಜ್ಜಾಹೀರಾದ ಥಿಯೊಮಾರ್ಗರಿಟಾ ಮ್ಯಾಗ್ನಿಫಿಕಾ ಬರಿಗಣ್ಣಿಗೆ ಕಾಣುತ್ತದೆ. ಒಂದೇ ಕೋಶ, ಉದ್ದ ಒಂದು ಸೆಂಟಿಮೀಟರ್, ಒಳಗೆ ಡಿಎನ್‌ಎಯ ಲಕ್ಷಾಂತರ ಪ್ರತಿಗಳು. ಕೆರೆ ನೀರಿನ ಕಾಲೊಬ್ಯಾಕ್ಟರ್ ಇದಕ್ಕೆ ತದ್ವಿರುದ್ಧ. ಒಂದು ಬದುಕಿಗೆ ಒಂದೇ ನಕಲು ಎಂದು ಪಟ್ಟು ಹಿಡಿದದ್ದು.

ನಮಗೆ ಹೆಚ್ಚು ಸಂಬಂಧಪಟ್ಟದ್ದು ಇನ್ನೊಂದು. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಇರುವುದು 44 ಲಕ್ಷ ಅಕ್ಷರ, ಇ. ಕೋಲಿಗಿಂತ ತುಸು ಕಡಿಮೆಯೇ. ಆದರೂ ಅದು ಎರಡಾಗಲು ಸುಮಾರು ಒಂದು ದಿನ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಟಿ. ಹಿರಿಯಣ್ಣ ಮತ್ತು ಟಿ. ರಾಮಕೃಷ್ಣನ್ ಇದರ ನಕಲಿನ ವೇಗವನ್ನು ಅಳೆದು 1986ರಲ್ಲಿ ಪ್ರಕಟಿಸಿದರು. ಇ. ಕೋಲಿ 40 ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇದಕ್ಕೆ ಹತ್ತು ಹನ್ನೊಂದು ಗಂಟೆ ಬೇಕು. ನಕಲು ಯಂತ್ರ ಸೆಕೆಂಡಿಗೆ ಸಾವಿರದ ಬದಲು ಐವತ್ತು ಚಿಲ್ಲರೆ ಅಕ್ಷರಗಳಲ್ಲಿ ತೆವಳುತ್ತದೆ. ರೈಬೊಸೋಮಿನ ಆರ್‌ಎನ್‌ಎಗೆ ಇ. ಕೋಲಿಯಲ್ಲಿ ಏಳು ಜೀನು ಗುಂಪುಗಳಿದ್ದರೆ ಇದರಲ್ಲಿ ಒಂದೇ. ಅವಸರದ ಬದುಕು ಅದಕ್ಕೆ ಬೇಕಾಗಿಯೇ ಇಲ್ಲ.

ಮೂತ್ರದ ಕಲ್ಚರ್ ವರದಿ ಎರಡು ದಿನದಲ್ಲಿ ಕೈಸೇರಿದರೆ, ಕ್ಷಯದ ಕಲ್ಚರಿನಲ್ಲಿ ‘ಏನೂ ಬೆಳೆದಿಲ್ಲ’ ಎಂದು ಬರೆಯಲು ಪ್ರಯೋಗಾಲಯ ಆರು ವಾರ ಕಾಯುವುದು ಇದೇ ಕಾರಣಕ್ಕೆ. ಆ ಕಾಯುವಿಕೆ ತಪ್ಪಿಸಲೆಂದೇ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದೊಳಗಿನ ಡಿಎನ್‌ಎಯನ್ನೇ ನೇರವಾಗಿ ಹುಡುಕುವ ಯಂತ್ರಗಳಿವೆ, ಉತ್ತರ ಗಂಟೆಗಳಲ್ಲಿ ಸಿಗುತ್ತದೆ. ಚಿಕಿತ್ಸೆಗೆ ಅಂಥ ಅಡ್ಡದಾರಿಯಿಲ್ಲ. ಐಸೊನಿಯಜಿಡ್ ಮಾತ್ರೆ ಹೊಡೆಯುವುದು ಬೆಳೆಯುತ್ತಿರುವ, ಹೊಸ ಗೋಡೆ ಕಟ್ಟುತ್ತಿರುವ ಕೋಶಗಳನ್ನು. ಮೊದಲ ಕೆಲವು ವಾರಗಳಲ್ಲಿ ಅವು ಸತ್ತು ಕೆಮ್ಮು, ಜ್ವರ ಇಳಿಯುತ್ತವೆ. ನಕಲನ್ನೂ ಬೆಳವಣಿಗೆಯನ್ನೂ ನಿಲ್ಲಿಸಿ ಕೂತವು ಉಳಿದಿರುತ್ತವೆ, ಆರು ತಿಂಗಳ ಮಾತ್ರೆ ಬರೆಯುವುದು ಅವುಗಳಿಗಾಗಿ.